ಬಲ್ಬೀನಾಳ ಹುಂಜಗಳು

ಬಲ್ಬೀನಾ ಮದುವೆಯಾಗಿ ನಮ್ಮೂರು ವಾಲ್ದೆಸೆರ್ನಕ್ಕೆ ಬಂದಾಗ ಅವಳ ಕೈಯಲ್ಲಿ ಒಂದು ಮುಚ್ಚಳದ ಬುಟ್ಟಿ ಇತ್ತು. ಅದರೊಳಗೆ ಒಂದು ಹುಂಜ, ಎರಡು ಹೇಂಟೆ. ತಾಯಿ ಕೊಟ್ಟದ್ದು ಅಷ್ಟೇ. ಮನೆ ಅವಳ ಗಂಡ ಅನಿಸೆತೊನದು, ಹಸು ಅನಿಸೆತೊನದು, ಮುಂದೆ ಅಣೆಕಟ್ಟು ಎದ್ದು ಹಿನ್ನೀರು ಬಂದ ಮೇಲೆ ತಂದ ದೋಣಿಯೂ ಅವನದೇ. ಹುಂಜಗಳು ಮಾತ್ರ ಅವಳವು. ಇಪ್ಪತ್ತಮೂರು ವರ್ಷ ಅವಳು ಆ ಮನೆಯಲ್ಲಿ ನಿಂತದ್ದು ಅವುಗಳ ಸಲುವಾಗಿ. ಇದು ನನ್ನ ಊಹೆಯಲ್ಲ. ನಮ್ಮಿಬ್ಬರ ಮನೆಗಳ ನಡುವೆ ಇದ್ದದ್ದು ಒಂದೇ ಗೋಡೆ, ಅವಳೇ ನನಗೆ ಹೇಳಿದ್ದು.

"ಅಂಗಳದಲ್ಲಿ ಇವು ಇರೋ ತನಕ ನಾನಿರ್ತೀನಿ ಲೌದೆಲೀನಾ. ಇವು ಹೋದ ದಿನ ನನಗೆ ಇಲ್ಲೇನಿದೆ, ಆ ಗೂಬೆ ಮುಖಾನಾ?"

ನಮ್ಮ ಕಣಿವೆಯಲ್ಲಿ ಈ ಹುಂಜಗಳನ್ನು ಸಾಕುವುದು ಮಾಂಸಕ್ಕಲ್ಲ, ಗರಿಗೆ. ಸೊಂಟದ ಮೇಲಿನ ಕಂದು ಗರಿಯನ್ನು ಬಿಸಿಲಿಗೆ ಹಿಡಿದರೆ ನೀರಿನ ಮೇಲೆ ಕೂತ ಹುಳುವಿನ ರೆಕ್ಕೆಯ ಹಾಗೆ ಮಿನುಗುತ್ತದೆ. ಅದನ್ನು ರೇಷ್ಮೆ ದಾರದಲ್ಲಿ ಸಣ್ಣ ಗಾಳಕ್ಕೆ ಸುತ್ತಿದರೆ ಟ್ರೌಟ್ ಮೀನು ಹುಳುವೆಂದೇ ನಂಬಿ ಬಾಯಿ ಹಾಕುತ್ತದೆ. ಗರಿಗಾಗಿ ಹುಂಜವನ್ನು ಕೊಲ್ಲುವುದಿಲ್ಲ. ವರ್ಷಕ್ಕೆ ನಾಲ್ಕು ಸಲ, ಚಂದ್ರನನ್ನು ನೋಡಿಕೊಂಡು, ಬದುಕಿದ್ದಂತೆಯೇ ಕೀಳುತ್ತೇವೆ. ಮುದಿಯಾಗಿ ತಾನಾಗಿ ಸಾಯುವ ತನಕ ಅದರ ಕುತ್ತಿಗೆಯನ್ನು ಯಾರೂ ಮುಟ್ಟುವುದಿಲ್ಲ. ಇನ್ನೊಂದು ಕಟ್ಟಳೆ ಇದೆ. ಗರಿ ಎಲ್ಲಿಗಾದರೂ ಹೋಗಲಿ, ಜೀವಂತ ಹುಂಜ ಕಣಿವೆ ದಾಟಬಾರದು. ದಾಟಿದರೆ ಆರು ತಿಂಗಳಲ್ಲಿ ಹೊಳಪು ಸತ್ತು ಬರೀ ಕೋಳಿಯಾಗುತ್ತದೆ ಎಂದು ನಮ್ಮ ಗಂಡಸರು ಆಣೆಯಿಟ್ಟು ಹೇಳುತ್ತಿದ್ದರು.

ಬಲ್ಬೀನಾ ಗರಿ ಕೀಳುವುದನ್ನು ನೋಡಬೇಕಿತ್ತು. ಹುಂಜದ ಕಾಲು ಕಟ್ಟಿ, ತಲೆಯನ್ನು ಅದರ ರೆಕ್ಕೆಯಡಿಗೆ ಸೇರಿಸಿ, ತೊಡೆಗಳ ನಡುವೆ ಇಟ್ಟುಕೊಳ್ಳುವಳು. ಎಡಗೈ ಹೆಬ್ಬೆರಳಿನಿಂದ ಚರ್ಮವನ್ನು ಒತ್ತಿ ಹಿಡಿದು, ಬಲಗೈಯಿಂದ ಒಂದೊಂದೇ ಗರಿಯನ್ನು ಅದು ಬೆಳೆದ ದಿಕ್ಕಿಗೇ ಎಳೆಯುವಳು. ರಕ್ತ ಕಂಡರೆ ಅಲ್ಲಿಗೇ ನಿಲ್ಲಿಸಿ, ಗಾಯಕ್ಕೆ ಎಣ್ಣೆ ಸವರಿ ಬಿಟ್ಟುಬಿಡುವಳು. ಹನ್ನೆರಡು ಗರಿಗೆ ಒಂದು ಕಟ್ಟು, ನಾವೆಲ್ಲ ಮಾರುವುದು ಆ ಲೆಕ್ಕದಲ್ಲೇ. ಆ ಗರಿಯಿಂದ ಗಾಳ ಕಟ್ಟುತ್ತಿದ್ದದ್ದೂ ಅವಳೇ.

ಅನಿಸೆತೊ ಆ ಗಾಳಗಳನ್ನು ಮೂರರಂತೆ ದಾರಕ್ಕೆ ಪೋಣಿಸಿಕೊಂಡು ಹಿನ್ನೀರಿಗೆ ಹೋಗುತ್ತಿದ್ದ. ಗಾಳದ ಕೋಲು ಬೀಸುವುದರಲ್ಲಿ ಅವನನ್ನು ಮೀರಿಸುವವರಿರಲಿಲ್ಲ, ಅದನ್ನು ಒಪ್ಪಬೇಕು. ಮೀನು ಸಿಕ್ಕರೆ ಅದು ಅವನ ಕೈಚಳಕ. ಸಿಗದಿದ್ದರೆ ಹೆಂಡತಿ ಕಟ್ಟಿದ ಗಾಳದ ದೋಷ. ಸಿಗದ ದಿನ ಹೊಡೆಯುತ್ತಿದ್ದ. ಮೊದಮೊದಲು ಅಂಗೈಯಿಂದ, ಆಮೇಲೆ ಬೆಲ್ಟಿನಿಂದ. ಒಂದು ಮೇ ತಿಂಗಳಲ್ಲಿ ನೀರಿನ ಮೇಲೆ ಹುಳು ಮುತ್ತಿದ್ದರೂ ಮೂರು ದಿನ ಒಂದು ಟ್ರೌಟೂ ಅವನ ಗಾಳಕ್ಕೆ ಬರಲಿಲ್ಲ. ನಾಲ್ಕನೆಯ ದಿನ ಬಲ್ಬೀನಾ ನನ್ನ ಅಡುಗೆಮನೆಗೆ ಬಂದು ಎಡಗೈ ಚಾಚಿದಳು. ಹೆಬ್ಬೆರಳಿಗೂ ತೋರುಬೆರಳಿಗೂ ನಡುವಿನ ಮೆತ್ತನೆಯ ಜಾಗದಲ್ಲಿ ಗಾಳ ತನ್ನ ಬಾಗಿನ ತನಕ ಇಳಿದಿತ್ತು.

"ಕಟ್ಟುವಾಗ ಚುಚ್ಚಿತೇನೇ?" ಎಂದೆ.

"ಚುಚ್ಚಿಕೊಂಡರೆ ಇಷ್ಟು ಆಳ ಹೋಗುತ್ತಾ? ನಿನ್ನ ಹುಳ ಕಚ್ಚುತ್ತೋ ಇಲ್ವೋ ನೀನೇ ನೋಡು ಅಂದ. ಕಚ್ಚುತ್ತೆ."

ಗಾಳದ ತುದಿಗೆ ಹಿಮ್ಮುಖ ಮುಳ್ಳು ಇರುವುದರಿಂದ ಹಿಂದಕ್ಕೆ ಎಳೆಯಲಾಗದು. ಮುಂದಕ್ಕೇ ಒತ್ತಿ, ತುದಿ ಚರ್ಮ ಸೀಳಿ ಹೊರಬಂದ ಮೇಲೆ ಇಕ್ಕಳದಿಂದ ಮುಳ್ಳನ್ನು ಕತ್ತರಿಸಿ, ಉಳಿದದ್ದನ್ನು ವಾಪಸು ಎಳೆದೆ. ನಾನು ನನ್ನ ಗಂಡ ಎಲ್ಪೀದಿಯೊಗೆ ಹೇಳಿದೆ. "ಅವರ ಮನೆ ವಿಷಯ" ಎಂದ. ಪಾದ್ರಿಗಳಿಗೆ ಹೇಳಿದೆ. "ಅವಳಿಗೆ ತಾಳ್ಮೆ ಸಿಗಲಿ ಅಂತ ಪ್ರಾರ್ಥಿಸು ಮಗಳೇ" ಎಂದರು. ತಾಳ್ಮೆ ಅವಳಲ್ಲಿ ಬೇಕಾದಷ್ಟಿತ್ತು.

ಸಾವಿರದ ಒಂಬೈನೂರ ಎಪ್ಪತ್ತನಾಲ್ಕರ ಜೂನಿನಲ್ಲಿ ರಾಜಧಾನಿಯಿಂದ ಒಬ್ಬ ಮನುಷ್ಯ ಬಿಳಿ ಕಾರಿನಲ್ಲಿ ಮೀನು ಹಿಡಿಯಲು ಬಂದ. ಹೊಳೆಯುವ ಕೋಲು, ಜೇಬು ತುಂಬಿದ ಅಂಗಿ, ಡಬ್ಬಿಯ ತುಂಬ ಅಂಗಡಿಯ ಗಾಳ. ಎರಡು ದಿನ ಹಿನ್ನೀರಿನ ದಂಡೆಯಲ್ಲಿ ಬೀಸಿದರೂ ಅವನಿಗೆ ಏನೂ ಸಿಗಲಿಲ್ಲ. ಪಕ್ಕದಲ್ಲೇ ಅನಿಸೆತೊ ಬಲ್ಬೀನಾಳ ಗಾಳದಲ್ಲಿ ಒಂದಾದ ಮೇಲೊಂದು ಎತ್ತುತ್ತಿದ್ದ. ಆ ಮನುಷ್ಯ ಗಾಳ ಕೇಳಿದ, ಗರಿ ಕೇಳಿದ, ಕೊನೆಗೆ ಹುಂಜವನ್ನೇ ಕೇಳಿದ.

ಭಾನುವಾರ ಬಲ್ಬೀನಾ ಪೂಜೆಗೆ ಚರ್ಚಿಗೆ ಹೋಗಿದ್ದಾಗ ಅನಿಸೆತೊ ಅವಳ ಒಂಬತ್ತು ಹುಂಜಗಳಲ್ಲಿ ಎಲ್ಲಕ್ಕಿಂತ ಒಳ್ಳೆಯದನ್ನು ಗೋಣಿಯಲ್ಲಿ ಕಟ್ಟಿ ಕಾರಿನೊಳಗೆ ಇಟ್ಟ. ತಾಯಿ ಕೊಟ್ಟ ಹುಂಜದ ನೇರ ಸಂತಾನ ಅದು.

ಅವಳು ಬಂದವಳೇ ಅಂಗಳದಲ್ಲಿ ಎಣಿಸಿದಳು. ಗೋಡೆಯಾಚೆಯಿಂದ ಎಲ್ಲವೂ ಕೇಳುತ್ತಿತ್ತು.

"ಎಲ್ಲಿ ಅದು?"

"ಹೋಯ್ತು."

"ಯಾರಪ್ಪನ ಮನೆಯಿಂದ ತಂದದ್ದು ಅಂತ ಕೊಟ್ಟೆ?"

"ನನ್ನ ಅಂಗಳದ ಕಾಳು ತಿಂದದ್ದು ನಂದು. ಬರೋ ವಾರ ಇನ್ನೆರಡು ಒಯ್ಯೋಕೆ ಬರ್ತಾನೆ. ಬಾಯಿ ಮುಚ್ಕೊಂಡು ಊಟ ಹಾಕು."

"ಇನ್ನೆರಡಕ್ಕೆ ಕೈ ಹಾಕಿ ನೋಡು."

ಆಮೇಲೆ ಕೇಳಿದ್ದು ಮರ ಮೂಳೆಗೆ ತಾಗಿದ ಸದ್ದು. ದೋಣಿಯ ಹುಟ್ಟು ಬಾಗಿಲ ಹಿಂದೆ ಇರುತ್ತಿತ್ತು, ಅದರಲ್ಲಿ ಹೊಡೆದಿದ್ದ. ಎರಡು ಏಟು. ಮೊದಲನೆಯದಕ್ಕೆ ಎಡಗಡೆಯ ಕೊರಳೆಲುಬು ಮುರಿಯಿತು, ಎರಡನೆಯದು ಕಿವಿಯ ಮೇಲೆ ಬಿತ್ತು. ಅವಳು ಒಂದೇ ಸಲ ಕೂಗಿದಳು. ಆ ಕೂಗು ಚೌಕದ ತನಕ ಕೇಳಿಸಿತು ಎಂದು ಆಮೇಲೆ ಹಲವರು ಹೇಳಿದರು. ಯಾರೂ ಬರಲಿಲ್ಲ. ನಾನೂ ಹೋಗಲಿಲ್ಲ.

ಅರ್ಧ ಗಂಟೆಯ ನಂತರ ಹೆಂಡದಂಗಡಿಯಲ್ಲಿ ಯಾರೋ ಬಿಳಿ ಕಾರಿನೊಳಗೆ ಹುಂಜ ಕೂಗಿದ್ದನ್ನು ಕೇಳಿದೆ ಎಂದರು. ಆಗ ಬಂದರು. ಹನ್ನೊಂದು ಜನ. ಮುಂದೆ ತಿರ್ಸೊ, ಕಣಿವೆಯಲ್ಲಿ ಎಲ್ಲರಿಗಿಂತ ಹೆಚ್ಚು ಹುಂಜಗಳಿದ್ದವನು. ಅವನ ಹಿಂದೆ ನನ್ನ ಎಲ್ಪೀದಿಯೊ.

ಅನಿಸೆತೊ ದಂಡೆಯಲ್ಲಿ ದೋಣಿಯ ನೀರು ಎತ್ತಿ ಹಾಕುತ್ತಿದ್ದ. ನಾವು ಹೆಂಗಸರು ಮೇಲಿನ ದಾರಿಯಲ್ಲಿ ನಿಂತು ನೋಡಿದೆವು.

"ಹುಂಜ ಮಾರಿದೆಯೇನೋ?" ಎಂದ ತಿರ್ಸೊ.

"ನನ್ನ ಮನೆ ಕೋಳಿ. ನಿನಗೇನು ಹೊಟ್ಟೆನೋವು?"

"ನಮ್ಮೆಲ್ಲರ ಅನ್ನ ಕಾರಲ್ಲಿ ಕೂರಿಸಿ ಕಳಿಸಿದೆಯಲ್ಲೋ ಹೆಣವೇ."

ತಿರ್ಸೊ ಅವನ ಬಾಯಿಗೆ ಗುದ್ದಿದ. ಅನಿಸೆತೊ ಬಿದ್ದವನು ಎದ್ದು ಒಬ್ಬನ ಮೊಣಕಾಲಿಗೆ ಹುಟ್ಟು ಬೀಸಿದ. ಆಮೇಲೆ ಎಲ್ಲರೂ ಸೇರಿಕೊಂಡರು. ಒದ್ದರು. ಮುಖವನ್ನು ನೀರಿನಲ್ಲಿ ಅದ್ದಿ ಹಿಡಿದರು, ಎತ್ತಿದರು, ಮತ್ತೆ ಅದ್ದಿದರು. ಮೂರನೆಯ ಸಲ ಎತ್ತಿದಾಗ ಬಾಯಿಂದ ನೀರಿನ ಜೊತೆ ಎರಡು ಹಲ್ಲು ಬಂದವು. ನನ್ನ ಗಂಡ ಅವನ ಬಲಗೈಯನ್ನು ಕಲ್ಲಿನ ಮೇಲೆ ಚಾಚಿ ಮಣಿಕಟ್ಟಿನ ಮೇಲೆ ನಿಂತ. ತಿರ್ಸೊ ಇನ್ನೊಂದು ಕಲ್ಲನ್ನು ಎರಡೂ ಕೈಯಿಂದ ಎತ್ತಿ ಬೆರಳುಗಳ ಮೇಲೆ ಹಾಕಿದ. ಕೋಲು ಬೀಸುವ ಕೈ ಅದು. ಹೆಬ್ಬೆರಳು ಉಳಿಯಿತು. ಮಿಕ್ಕ ನಾಲ್ಕು ಮತ್ತೆ ಮಡಚಲಿಲ್ಲ.

ಅಲ್ಲಿಂದ ನೇರ ಬಲ್ಬೀನಾಳ ಮನೆಗೆ ಹೋದರು. ನಾನು ಅವರಿಗಿಂತ ಮುಂಚೆ ಓಡಿ ಬಂದು ಅವಳ ಎಡತೋಳನ್ನು ಶಾಲಿನಲ್ಲಿ ಕಟ್ಟುತ್ತಿದ್ದೆ. ಗಂಡಸರು ಬಾಗಿಲಲ್ಲಿ ಟೋಪಿ ತೆಗೆದು ನಿಂತರು. ತಿರ್ಸೊನ ಷರಟಿನ ತೋಳು ಒದ್ದೆಯಾಗಿತ್ತು.

"ಬಲ್ಬೀನಾ, ನಿನ್ನ ಹುಂಜಕ್ಕೆ ನ್ಯಾಯ ಮಾಡಿದ್ದೀವಿ" ಎಂದ. "ಇನ್ನೊಂದನ್ನ ಅವನು ಮುಟ್ಟಲ್ಲ."

ಬಲ್ಬೀನಾ ಕೇಳಿದಳು, "ಕಣಿವೆ ದಾಟಿದರೆ ಆರು ತಿಂಗಳಲ್ಲಿ ಹೊಳಪು ಸಾಯುತ್ತೆ ಅಂತ ಹೇಳ್ತಿದ್ದವನು ನೀನೇ ತಾನೇ?"

"ಹೌದು."

"ಹಾಗಿದ್ದ ಮೇಲೆ ಕಾರಲ್ಲಿ ಹೋಗಿದ್ದು ಬರೀ ಸಾರಿನ ಕೋಳಿ. ಅದಕ್ಕೆ ಒಬ್ಬ ಮನುಷ್ಯನ ಹಲ್ಲು ಉದುರಿಸಿದಿರಾ?"

ಒಬ್ಬ ಕೆಮ್ಮಿದ.

"ಇಪ್ಪತ್ತಮೂರು ವರ್ಷದಲ್ಲಿ ನಿಮ್ಮಲ್ಲಿ ಯಾರಾದರೂ ಈ ಬಾಗಿಲಿಗೆ ಬಂದದ್ದುಂಟಾ? ಕಿವಿ ಇರಲಿಲ್ವಾ?" ಎಂದಳು. ಎಲ್ಪೀದಿಯೊನ ಕಡೆ ತಿರುಗಿ, "ನಿನಗಂತೂ ಗೋಡೆಯಷ್ಟೇ ಅಡ್ಡ" ಎಂದಳು.

ಮಾರನೆಯ ಬೆಳಗ್ಗೆ ಹಸುವಿನ ಹಾಲು ಕರೆದು ಮುಗಿಸಿದ ಮೇಲೆ ಅವಳ ಅಂಗಳದಲ್ಲಿ ರೆಕ್ಕೆ ಬಡಿಯುವ ಸದ್ದಾಯಿತು. ಹೋಗಿ ನೋಡಿದೆ. ಒಂದೇ ಕೈಯಲ್ಲಿ ಕೋಳಿ ಕೊಲ್ಲುವುದು ಕಷ್ಟ. ಅವಳು ಪೊರಕೆಯ ಕೋಲನ್ನು ಹುಂಜದ ಕುತ್ತಿಗೆಯ ಮೇಲೆ ಇಟ್ಟು, ಕೋಲಿನ ಎರಡೂ ತುದಿಯನ್ನು ಪಾದಗಳಿಂದ ಮೆಟ್ಟಿ, ಕಾಲು ಹಿಡಿದು ಮೇಲಕ್ಕೆ ಜಗ್ಗುತ್ತಿದ್ದಳು. ಟಕ್ ಎನ್ನುವ ಸದ್ದು. ಅದನ್ನು ಪಕ್ಕಕ್ಕಿಟ್ಟು ಇನ್ನೊಂದು. ನಮ್ಮ ಕಣಿವೆಯಲ್ಲಿ ಗರಿಯ ಹುಂಜವನ್ನು ಕೊಂದದ್ದನ್ನು ನಾನು ಅಲ್ಲಿಯವರೆಗೆ ನೋಡಿರಲಿಲ್ಲ.

"ಅಯ್ಯೋ ಬಲ್ಬೀನಾ, ನಿನ್ನಮ್ಮನ ಹುಂಜ ಕಣೇ."

"ಅಮ್ಮ ಕೊಟ್ಟದ್ದು ನಾನು ನೆಟ್ಟಗೆ ನಿಲ್ಲಲಿ ಅಂತ. ಇವುಗಳ ಕಾಲಿಗೆ ಕಟ್ಟುಬಿದ್ದವಳು ನಾನಾದೆ. ಈ ಗೋಣಿ ಹಿಡಿ, ನನಗೆ ಒಂದೇ ಕೈ."

ಎಂಟು ಹುಂಜ, ಮೂರು ಹೇಂಟೆ. ಗೂಡಿನಲ್ಲಿದ್ದ ಮೊಟ್ಟೆಗಳನ್ನೂ ಗೋಡೆಗೆ ಎಸೆದಳು. ಆಮೇಲೆ ಇಬ್ಬರೂ ಗೋಣಿ ಹೊತ್ತು ಹನ್ನೊಂದು ಮನೆಗೆ ಹೋದೆವು. ಪ್ರತಿ ಬಾಗಿಲಲ್ಲೂ ಒಂದೊಂದನ್ನು ಹೊಸ್ತಿಲ ಮೇಲೆ ಇಟ್ಟು ಅದೇ ಮಾತು ಹೇಳಿದಳು.

"ಕೋಳಿಗೋಸ್ಕರ ಬಂದಿರಿ. ಕೋಳಿ ತಗೊಳ್ಳಿ."

ತಿರ್ಸೊನ ಹೆಂಡತಿ ಶಿಲುಬೆಯ ಗುರುತು ಮಾಡಿಕೊಂಡು ಒಳಗೆ ಓಡಿದಳು. ತಿರ್ಸೊ ಹೊರಬಂದು ಹುಂಜವನ್ನು ಎತ್ತಿಕೊಂಡ. ಸೊಂಟದ ಗರಿಯನ್ನು ಹೆಬ್ಬೆರಳಿನಿಂದ ಸವರಿದ. ನಿನ್ನೆ ಮನುಷ್ಯನ ಕೈ ಜಜ್ಜಿದವನ ಕಣ್ಣಲ್ಲಿ ನೀರು ಬಂತು. "ಹುಚ್ಚು ಹಿಡಿದಿದೆ ನಿನಗೆ" ಎಂದ.

"ಚೆನ್ನಾಗಿ ಬೇಯಿಸು" ಎಂದಳು ಬಲ್ಬೀನಾ. "ಮುದಿ ಮಾಂಸ."

ಹನ್ನೊಂದೂವರೆಯ ಬಸ್ಸಿಗೆ ಹೋದಳು. ಮನೆಯೊಳಗೆ ಅನಿಸೆತೊ ಕೈಯನ್ನು ಬಕೆಟ್ಟಿನಲ್ಲಿ ಅದ್ದಿಕೊಂಡು ನರಳುತ್ತಿದ್ದ. ಅವನನ್ನು ದಾಟಿಕೊಂಡೇ ಹೊರಟಿದ್ದಳು. ಬಿಲ್ಬಾವೊ ನಗರದಲ್ಲಿ ಅವಳ ತಂಗಿ ಇದ್ದಳು. ಅಲ್ಲಿ ಒಂದು ಹೋಟೆಲಿನಲ್ಲಿ ಬಟ್ಟೆ ಒಗೆಯುವ ಕೆಲಸಕ್ಕೆ ಸೇರಿ ಅರವತ್ತೈದು ವಯಸ್ಸಾಗುವವರೆಗೆ ದುಡಿದಳು. ಎಡಭುಜ ಕೊನೆಯ ತನಕ ಒಂದು ಬೆರಳಿನಷ್ಟು ಕೆಳಗೇ ಇತ್ತು. ಊರಿಗೆ ಮತ್ತೆ ಬರಲಿಲ್ಲ, ಅನಿಸೆತೊ ಸತ್ತಾಗಲೂ.

ಅವತ್ತು ಬಸ್ಸು ತಿರುವು ದಾಟಿದ ಮೇಲೆ ನಾನು ಒಳಗೆ ಬಂದು ನಮ್ಮ ಪಾಲಿನ ಹುಂಜದ ಗರಿ ಕಿತ್ತೆ. ಬೆಳ್ಳುಳ್ಳಿ, ಈರುಳ್ಳಿ, ಒಂದು ಲೋಟ ವೈನು ಹಾಕಿ ನಾಲ್ಕು ಗಂಟೆ ಬೇಯಿಸಿದೆ. ಎಲ್ಪೀದಿಯೊ ಮೇಜಿಗೆ ಬಂದು ತಟ್ಟೆ ನೋಡಿ ಹಿಂದಕ್ಕೆ ತಳ್ಳಿದ.

"ಇದನ್ನ ನನ್ನಿಂದ ತಿನ್ನೋಕಾಗಲ್ಲ ಕಣೇ. ಪಾಪ ಅದು."

ನಾನು ತಟ್ಟೆಯನ್ನು ಮತ್ತೆ ಅವನ ಮುಂದಕ್ಕೆ ಸರಿಸಿದೆ. ಎದುರಿಗೆ ಕೂತೆ.

"ತಿನ್ನು" ಎಂದೆ.

ಅವನು ನನ್ನ ಮುಖ ನೋಡಿದ. ಆಮೇಲೆ ಚಮಚ ಎತ್ತಿಕೊಂಡ. ಮೂಳೆ ಬರಿದಾಗುವ ತನಕ ನಾನು ಎದ್ದೇಳಲಿಲ್ಲ.