ಮೈ ಒದರದ ಕೋಳಿ

ನನ್ನ ಪ್ರಾಣಕ್ಕೆ ಬದಲಾಗಿ ನಮ್ಮೂರ ಮಾರಮ್ಮನಿಗೆ ಒಂದು ಕೋಳಿ ಸಲ್ಲಬೇಕಿತ್ತು. ಕೊರೊನಾದ ಎರಡನೇ ಅಲೆಯಲ್ಲಿ ನಾನು ಚಿಕ್ಕಬಳ್ಳಾಪುರದ ಆಸ್ಪತ್ರೆಯೊಂದರಲ್ಲಿ ಮೂಗಿಗೆ ಆಕ್ಸಿಜನ್ ಕೊಳವೆ ಸಿಕ್ಕಿಸಿಕೊಂಡು ಮಲಗಿದ್ದೆ. ನೋಡಲು ಯಾರನ್ನೂ ಬಿಡುತ್ತಿರಲಿಲ್ಲ. ನಗರಗೆರೆ ಕಡೆಯ ನಮ್ಮ ಹಳ್ಳಿಯಲ್ಲೇ ಉಳಿದಿದ್ದ ನಮ್ಮಮ್ಮ, ಅಂಗಳದಲ್ಲಿ ಕೆದಕುತ್ತಿದ್ದ ಕೆಂಪು ಹೇಂಟೆಯನ್ನು ಹಿಡಿದು ಅದರ ಕಾಲಿಗೆ ಅರಿಶಿನದ ದಾರ ಕಟ್ಟಿದಳು. ಮಗ ಎದ್ದು ಬಂದರೆ ಇದು ನಿನಗೆ ಎಂದು ಹರಸಿಕೊಂಡಳು. ನಾನು ಎದ್ದು ಬಂದೆ.

ಹರಕೆ ಮಾತ್ರ ತೀರಲಿಲ್ಲ. ಹೇಂಟೆ ಅಷ್ಟರಲ್ಲಿ ಕಾವಿಗೆ ಕೂತಿತ್ತು. ಕಾವಿಗೆ ಕೂತದ್ದನ್ನು ಕೊಯ್ಯಬಾರದು. ಆಮೇಲೆ ಮರಿಗಳಾದವು, ಮರಿಗಳ ತಾಯಿಯನ್ನು ಕೊಟ್ಟರೆ ಹೆಣ್ಣುದೇವರು ಮೆಚ್ಚುವುದಿಲ್ಲ. ಕೊನೆಗೆ ಅದನ್ನು ನಾಯಿ ಹೊತ್ತೊಯ್ದಿತು. ಹೊಸ ದಾರವೊಂದು ಅದರ ಮಗಳ ಕಾಲಿಗೆ ಬಂತು. ಮಗಳು ಕೆಂಪಿನಲ್ಲಿ ಕಪ್ಪು ಚುಕ್ಕೆಯದು. ಅದೂ ಏನೋ ಆಗಿ ಸತ್ತಿತು. ಈಗಿನದು ಮೊಮ್ಮಗಳು: ಮೈ ಬಿಳಿ, ಕತ್ತು ಬೋಳು, ಕಣ್ಣಲ್ಲಿ ಪೊಗರು. ಹರಸಿಕೊಂಡ ಕೋಳಿಗೂ ಇದಕ್ಕೂ ಹೋಲಿಕೆ ಎಂದರೆ ದಾರ ಒಂದೇ.

ಗೌರಿಬಿದನೂರಿನ ಕಾಲೇಜಿನಲ್ಲಿ ನಾನು ಜೀವಶಾಸ್ತ್ರ ಹೇಳಿಕೊಡುತ್ತೇನೆ. ವೈರಸ್ಸು ತನ್ನ ನಕಲು ತಾನೇ ತೆಗೆಯುತ್ತ ಹೋಗುತ್ತದೆ, ಅಲ್ಲಲ್ಲಿ ತಪ್ಪು ಮಾಡುತ್ತದೆ, ಹೆಚ್ಚಿನ ತಪ್ಪುಗಳು ದಂಡ, ಯಾವುದೋ ಒಂದು ತಪ್ಪಿನಿಂದ ಅದಕ್ಕೆ ಹೊಸದೊಂದು ಮೈ ಹೊಕ್ಕುವ ದಾರಿ ಸಿಗುತ್ತದೆ. ವರ್ಷವೂ ಗಂಟಲು ಹರಿದುಕೊಂಡು ಹೇಳುತ್ತೇನೆ, ವರ್ಷವೂ ಪರೀಕ್ಷೆಯಲ್ಲಿ ಏನೇನೋ ಬರೆಯುತ್ತಾರೆ. ಅವರನ್ನೆಲ್ಲ ಒಂದು ದಿನ ನಮ್ಮ ಹಿತ್ತಲಿಗೆ ಕರೆತಂದು ಈ ಹರಕೆಯ ವಂಶ ತೋರಿಸಬೇಕೆಂದು ಎಷ್ಟೋ ಸಲ ಅಂದುಕೊಂಡಿದ್ದೆ.

ನಮ್ಮಮ್ಮನಿಗೆ ಇದು ತಮಾಷೆಯಾಗಿರಲಿಲ್ಲ. ಹರಕೆ ತೀರುವ ತನಕ ನನ್ನ ಉಸಿರು ಎರವಲಿನದು ಎಂಬುದು ಅವಳ ಲೆಕ್ಕ. ನಾನು ಸುಮ್ಮನೆ ಕೆಮ್ಮಿದರೂ ಎದ್ದು ಬಂದು ಹಣೆ ಮುಟ್ಟುತ್ತಿದ್ದಳು. ನೆಮ್ಮದಿಯಾಗಿ ನಿದ್ದೆ ಮಾಡುವುದನ್ನೇ ಬಿಟ್ಟಿದ್ದಳು. ಹಾಗಿದ್ದರೆ ಬೇಗ ತೀರಿಸಬಾರದೇ ಎಂದು ರೇಗಿದರೆ, ತಪ್ಪು ತಪ್ಪಾಗಿ ಕೊಡುವುದಕ್ಕಿಂತ ಕೊಡದೇ ಇರುವುದು ವಾಸಿ ಎನ್ನುವಳು. ಅಂತೂ ಈ ಸಲ ಒಂದು ಮಂಗಳವಾರ ಗೊತ್ತಾಯಿತು. ಅದಕ್ಕೆ ಮೊದಲೇ ಊರಿಗೆ ಹಕ್ಕಿ ಜ್ವರ ಬಂತು.

ಪಕ್ಕದ ಬೀದಿಯಲ್ಲಿ ಕೋಳಿಗಳು ಸಾಲಾಗಿ ಸತ್ತವು. ಪರೀಕ್ಷೆಯಲ್ಲಿ ಹಕ್ಕಿ ಜ್ವರವೆಂದೇ ತಿಳಿಯಿತು. ಸುತ್ತ ಒಂದು ಕಿಲೋಮೀಟರಿನೊಳಗೆ ಒಂದು ಕೋಳಿಯೂ ಉಳಿಯಕೂಡದೆಂದು ಆದೇಶವಾಯಿತು. ನಕ್ಷೆಯ ಮೇಲೆ ಎಳೆದ ಗೆರೆಯೊಳಗೆ ನಮ್ಮ ಕೋಳಿಗೂಡು ಬಿತ್ತು, ಮಾರಮ್ಮನ ಗುಡಿ ಹೊರಗೆ ಬಿತ್ತು. ಕೋಳಿ ಗೆರೆ ದಾಟುವಂತಿಲ್ಲ, ಪೂಜಾರಿ ಒಳಗೆ ಬರುವಂತಿಲ್ಲ.

ನಾನು ನಮ್ಮಮ್ಮನನ್ನು ಕೂರಿಸಿಕೊಂಡು ಬಿಡಿಸಿ ಹೇಳಿದೆ. ಹಿಂದಿನ ಕಾಯಿಲೆ ವಿಮಾನ ಹತ್ತಿ ಬಂದಿತ್ತು, ಇದು ಹಿಮಾಲಯದಾಚೆಯಿಂದ ಕೆರೆಗಳಿಗೆ ಬರುವ ಹಕ್ಕಿಗಳ ಜೊತೆ ಬಂದಿರಬಹುದು. ಅಲ್ಲಿಂದ ಲಾರಿಯಲ್ಲಿ, ಮೊಟ್ಟೆಯ ಟ್ರೇಯಲ್ಲಿ, ಚಪ್ಪಲಿಗೆ ಮೆತ್ತಿಕೊಂಡು ಊರೂರು ಸುತ್ತುತ್ತದೆ. ಕೋಳಿಯಿಂದ ಮನುಷ್ಯನಿಗೆ ಬಂದದ್ದು ಮನುಷ್ಯನಿಂದ ಮನುಷ್ಯನಿಗೆ ಹಾರುವುದನ್ನು ಕಲಿತರೆ ಜಗತ್ತಿಗೇ ಹಬ್ಬುತ್ತದೆ. ಎಲ್ಲ ಕೇಳಿಸಿಕೊಂಡು ಅವಳು, ಅಷ್ಟು ದೂರದಿಂದ ಬಂದದ್ದಕ್ಕೆ ನಮ್ಮ ಹರಕೆ ಕೋಳಿಯೇ ಬೇಕಿತ್ತಾ ಎಂದು ಕೇಳಿದಳು.

ಮಾರನೇ ದಿನ ಬಿಳಿ ಕಿಟ್ ತೊಟ್ಟವರು ಬಂದರು. ಗಂಡು ಯಾರು, ಹೆಣ್ಣು ಯಾರು ತಿಳಿಯದೆ ನಮ್ಮಮ್ಮ ಎಲ್ಲರಿಗೂ ಸ್ವಾಮಿ ಎಂದಳು. ಕೋಳಿಗಳಿಗೆ ನಮ್ಮ ಗಡಿ ಸೀಮೆಯ ತೆಲುಗಿನಲ್ಲಿ ಬೈಯುತ್ತ ಒಂದೊಂದನ್ನೇ ಹಿಡಿಸಿಕೊಟ್ಟಳು. ಬೋಳುಕತ್ತಿನದನ್ನು ಮಾತ್ರ ಬಿಟ್ಟುಕೊಡಲಿಲ್ಲ. ಇದು ಮಾರಮ್ಮನದು, ಒಪ್ಪಿಗೆ ಕೇಳಿಯೇ ಕೊಡುವುದು ಎಂದು ಅಡ್ಡ ನಿಂತಳು. ಮುಂದಿದ್ದ ಬಿಳಿ ಕಿಟ್ಟಿನಿಂದ ಹುಡುಗಿಯ ದನಿ ಬಂತು. ಆಕೆ ಪಶುವೈದ್ಯೆ. ರಕ್ತ ಬೀಳಬಾರದು, ಗೆರೆ ದಾಟಬಾರದು, ಬೇಗ ಮುಗಿಸಬೇಕು ಎಂದು ಹೇಳಿ ಒಪ್ಪಿದರು. ನನಗೆ ಕೈಗವಸು, ಮಾಸ್ಕು ಹಾಕಿಸಿ ಕೋಳಿ ಹಿಡಿಸಿದರು.

ನಮ್ಮ ಕಡೆ ಹರಕೆಯ ಕೋಳಿಗೆ ನೀರು ಚಿಮುಕಿಸುತ್ತಾರೆ. ಅದು ಮೈ ಒದರಿದರೆ ದೇವರು ಒಪ್ಪಿದಂತೆ. ಒದರುವ ತನಕ ಕಾಯಬೇಕು. ನಮ್ಮಮ್ಮ ನನ್ನನ್ನು ಗುಡಿಯ ದಿಕ್ಕಿಗೆ ತಿರುಗಿಸಿ ನೀರು ಚಿಮುಕಿಸಿದಳು. ಕೋಳಿ ಕಣ್ಣು ಪಿಳುಕಿಸಿತು. ಮತ್ತೆ ಚಿಮುಕಿಸಿದಳು. ಕೋಳಿ ಬಿಳಿ ಕಿಟ್ಟಿನವರನ್ನು ಒಬ್ಬೊಬ್ಬರನ್ನಾಗಿ ನೋಡಿತು. ಬಿಸಿಲೇರಿತು, ಕಿಟ್ಟಿನೊಳಗೆ ಅವರು ಬೆಂದು ಹೋಗುತ್ತಿದ್ದರು. ಕಿವಿಗೆ ಬಿದ್ದರೆ ಒದರುತ್ತೆ ಎಂದು ಒಬ್ಬರು ಸಲಹೆ ಕೊಟ್ಟರು. ನೀರು ಇನ್ನೂ ತಣ್ಣಗಿರಬೇಕು ಎಂದರು ಇನ್ನೊಬ್ಬರು. ಒಂದು ಕೋಳಿಯ ಒಪ್ಪಿಗೆಗಾಗಿ ಇಡೀ ಸರ್ಕಾರ ನಮ್ಮ ಅಂಗಳದಲ್ಲಿ ಕಾದು ನಿಂತಿತ್ತು. ನನಗೆ ಸಿಟ್ಟು ನೆತ್ತಿಗೇರಿತ್ತು. ಕೊನೆಗೆ ನಮ್ಮಮ್ಮ ತಣ್ಣೀರಿನ ಚೊಂಬನ್ನೇ ಎತ್ತಿ ಎರಚಿದಳು. ಗುರಿ ತಪ್ಪಿ ಅಷ್ಟೂ ನನ್ನ ತಲೆಯ ಮೇಲೆ ಬಿತ್ತು. ನಾನು ಮೈ ಒದರಿದೆ.

ಚೊಂಬು ಅವಳ ಕೈಯಿಂದ ಜಾರಿ ಕೆಳಗೆ ಬಿತ್ತು.

"ಇವನಲ್ಲ ತಾಯಿ," ಎಂದಳು ಗುಡಿಯ ಕಡೆ ನೋಡುತ್ತ. ಕೋಳಿಯನ್ನು ನನ್ನ ಕೈಯಿಂದ ಕಿತ್ತುಕೊಂಡು ಪಶುವೈದ್ಯೆಯ ಕೈಗೆ ತುರುಕಿದಳು. "ಇದನ್ನ ಏನೂ ಕೇಳೋದು ಬೇಡ ಡಾಕ್ಟ್ರಮ್ಮ, ತಗೊಂಡೋಗಿ. ಬೇಗ ತಗೊಂಡೋಗಿ."

ನಾನು ನಗುತ್ತಿದ್ದೆ. ಅವಳ ಮುಖ ನೋಡಿ ನಗು ನಿಂತಿತು. ನಾನು ಆಸ್ಪತ್ರೆಯಲ್ಲಿ ಮಲಗಿದ್ದಾಗ ಈ ಮುಖ ಹೇಗಿತ್ತೆಂದು ಯಾರೂ ನನಗೆ ಹೇಳಿರಲಿಲ್ಲ. ಅದು ಹೀಗೇ ಇದ್ದಿರಬೇಕು.

ಡಾಕ್ಟ್ರಮ್ಮ ಕೋಳಿ ಹಿಡಿದು ಹೊಂಗೆ ಮರದ ಹಿಂದೆ ಹೋಗಿ, ಬರಿಗೈಯಲ್ಲಿ ಬಂದರು. ಊರು ತುಂಬ ಕೆಲಸ ಬಾಕಿಯಿದ್ದರೂ ನಮ್ಮಮ್ಮನ ಮುಂದೆ ನಿಂತರು. ಅವರು ಶಿಡ್ಲಘಟ್ಟದಲ್ಲಿ ರೇಷ್ಮೆ ನೂಲು ತೆಗೆಯುವ ಮುಸ್ಲಿಂ ಮನೆಯವರು.

"ಹೆಸರು ಹೇಳ್ಕೊಂಡೇ ಮಾಡಿದೆ ಅಮ್ಮ. ಆದ್ರೆ ಗಾಬರೀಲಿ ನಿಮ್ಮ ದೇವರ ಹೆಸರು ಬರ್ಲಿಲ್ಲ. ನಮ್ಮನೇಲಿ ಕಷ್ಟ ಬಂದ್ರೆ ಮುರುಗಮಲ್ಲದ ದರ್ಗಾ ನೆನೀತೀವಿ, ಅದೇ ಬಾಯಿಗೆ ಬಂತು."

ಇನ್ನು ಜಗಳವೇ ಎಂದುಕೊಂಡೆ. ನಮ್ಮಮ್ಮ ಒಳಗೆ ಹೋದಳು. ಸಾಯಂಕಾಲ ತೀರ್ಪು ಬಂತು: ಕೋಳಿ ಮುರುಗಮಲ್ಲಕ್ಕೆ ಹೋಗಿ ಮುಟ್ಟಿದೆ, ಅಂದಮೇಲೆ ಹರಕೆಯೂ ಅಲ್ಲಿಗೇ ಹೋಗಿದೆ, ನಾವು ಹೋಗಿ ಒಪ್ಪಿಸಿ ಬರಬೇಕು. ಕೋಳಿಯಿಂದ ಕೋಳಿಗೆ ಹಾರುತ್ತ ಬಂದಿದ್ದ ಹರಕೆ ಗುಡಿಯಿಂದ ದರ್ಗಾಕ್ಕೆ ಹಾರಿತು.

ನಿರ್ಬಂಧವೆಲ್ಲ ಮುಗಿದ ಮೇಲೆ ಮುರುಗಮಲ್ಲಕ್ಕೆ ಹೋಗಿ, ದರ್ಗಾದಲ್ಲಿ ಸಕ್ಕರೆ ಓದಿಸಿ ಹರಕೆ ಒಪ್ಪಿಸಿದೆವು. ಅಲ್ಲಿ ನವಿಲುಗರಿಯ ಕಟ್ಟನ್ನು ನನ್ನ ತಲೆಗೆ ಮುಟ್ಟಿಸುವಾಗ ನಮ್ಮಮ್ಮ ಎರಡೂ ಕೈಯಿಂದ ನನ್ನ ಕೆನ್ನೆಗಳನ್ನು ಬಿಗಿಯಾಗಿ ಹಿಡಿದುಕೊಂಡಿದ್ದಳು, ಮತ್ತೆ ಒದರಿಬಿಟ್ಟಾನು ಎಂದು.

ಚಿಂತಾಮಣಿಯಲ್ಲಿ ಬಸ್ಸು ಬದಲಾಯಿಸಿ ಕೂತದ್ದೇ ತಡ, ಅವಳಿಗೆ ನಿದ್ದೆ ಹತ್ತಿತು. ನನ್ನ ಭುಜದ ಮೇಲೆ ತಲೆಯಿಟ್ಟು, ಬಾಯಿ ತೆರೆದು, ಗೊರಕೆ ಹೊಡೆಯುತ್ತ ಮಲಗಿದಳು. ನಾನು ಆಸ್ಪತ್ರೆ ಸೇರಿದಂದಿನಿಂದ ಅವಳು ಹೀಗೆ ಮಲಗಿದ್ದನ್ನು ನೋಡಿರಲಿಲ್ಲ. ಶಿಡ್ಲಘಟ್ಟದ ಹತ್ತಿರ ಕಿಟಕಿಯಿಂದ ನೊಣವೊಂದು ಬಂದು ನನ್ನ ಕಿವಿಯ ಮೇಲೆ ಕೂತಿತು. ಚಿಕ್ಕಬಳ್ಳಾಪುರ ಬರುವ ತನಕ ನಾನು ತಲೆ ಒದರಲಿಲ್ಲ.