ಗೋರಿಗೋಪುರ ಹೊಕ್ಕ ಕಪ್ಪು ಮೇಕೆ

ಒಮಾನಿನ ಪೂರ್ವ ಹಜರ್ ಬೆಟ್ಟಗಳ ನೆತ್ತಿಯ ಮೇಲೆ ಈ ಬೆಳಗಿನ ಜಾವ ಅತ್ಯಂತ ಗಂಭೀರವಾದ ಪರಿಸ್ಥಿತಿಯೊಂದು ತಲೆದೋರಿದೆ: ಜುವೈನಾಳ ಕಪ್ಪು ಮೇಕೆ ದೊಡ್ಡಿಯಲ್ಲಿಲ್ಲ. ತುಂಬು ಗಬ್ಬದ ಮೇಕೆ. ಉಳಿದವೆಲ್ಲ ಬತ್ತಿವೆ, ಮನೆಯ ಹಾಲಿನ ಆಸೆ ಇನ್ನು ಅದೊಂದೇ.

ಅವಳ ಗಂಡ ಸುವೈದ್ ಮೇಕೆ ಹುಡುಕುತ್ತಲೇ ತನ್ನ ಕೆಲಸವನ್ನೂ ಮಾಡುತ್ತಿದ್ದಾನೆ. ಬೆಟ್ಟದಂಚಿನ ಪುರಾತನ ಗೋರಿಗೋಪುರಗಳ ಕಾವಲು ಅವನದು. ಗಾರೆಯಿಲ್ಲ, ಕಲ್ಲಿನ ಮೇಲೆ ಕಲ್ಲು, ಅಷ್ಟೇ. ಗಾಳಿಗೆ ಉದುರಿದ ಚಕ್ಕೆಯನ್ನು ಅದರ ಸಂದಿಗೇ ತುರುಕುತ್ತಾನೆ; ಫೋಟೊಕ್ಕೆಂದು ಹತ್ತಿದವರನ್ನು ಇಳಿಸುತ್ತಾನೆ. ಚಳಿಗಾಲದಲ್ಲಿ ಅಂಗೈ ಬಿರಿಯುತ್ತದೆ.

"ಒಳಗೆ ಮಲಗಿದ್ದೋರು ಯಾರೋ ಗೊತ್ತಿಲ್ಲ. ಆದ್ರೆ ಇಷ್ಟು ವರ್ಷದಲ್ಲಿ ಒಂದಿನಾನೂ ನನ್ನ ಬೈದಿಲ್ಲ. ಜುವೈನಾ ಬಗ್ಗೆ ಹಂಗೆ ಹೇಳಕ್ಕಾಗಲ್ಲ," ಎನ್ನುತ್ತಾನೆ ಕೇಳಿದವರಿಗೆ.

ಬಿಸಿಲೇರುವ ಹೊತ್ತಿಗೆ ಸುವೈದ್ ಬರಿಗೈಯಲ್ಲಿ ಮನೆಗೆ ಮರಳಿದಾಗ ನೆರೆಯ ಕುರಿಗಾಹಿ ಹುವೈಶಿಲ್ ಬರುತ್ತಾನೆ. ಬಂದವನಿಗೆ ಖರ್ಜೂರ, ಕಾಫಿ. ಅವು ಮುಗಿಯುವತನಕ ಯಾರು ಏನು ಕೇಳಿದರೂ ಸುದ್ದಿಯಿಲ್ಲ ಎನ್ನುವುದೇ ಇಲ್ಲಿನ ಮರ್ಯಾದೆ.

"ಏನಪ್ಪಾ ಸುದ್ದಿ?"

"ಏನಿಲ್ಲಣ್ಣ, ಎಲ್ಲ ಆರಾಮ."

"ಮಳೆ ಕಡೆ?"

"ದೇವರಿಟ್ಟಂಗೆ."

ಕೊನೆಗೆ ಬಟ್ಟಲು ಅಲ್ಲಾಡಿಸಿ, ಸಾಕೆಂದು ಕೊಟ್ಟು, ಹುವೈಶಿಲ್ ಗಂಟಲು ಸರಿಮಾಡಿಕೊಳ್ಳುತ್ತಾನೆ. "ನಿನ್ನ ಮೇಕೆ ಕೊನೇ ಗೋಪುರದೊಳಗೆ ಅರಚ್ತಾ ಇದೆ. ಬಾಗಿಲ ಮೇಲಿನ ಕಲ್ಲು ಜಗ್ಗಿದೆ, ಹೊಟ್ಟೆ ಹಿಡಿಸ್ತಿಲ್ಲ."

"ಈಗ ಹೇಳ್ತೀಯಲ್ಲೋ!"

"ಕಾಫಿ ಮುಂದೆ ಹೆಂಗಣ್ಣ ಹೇಳೋದು?"

ಇಬ್ಬರೂ ಕೊನೇ ಗೋಪುರಕ್ಕೆ ಓಡುತ್ತಾರೆ. ಅರಚಾಟ ಕೇಳಿ ಜುವೈನಾ ಮೊದಲೇ ಅಲ್ಲಿದ್ದಾಳೆ; ಮಗನ ಹೆಸರು ಹಿಡಿದು ಗಂಡನನ್ನು ಕೂಗುತ್ತಾಳೆ: "ಬದರನ ಅಪ್ಪ, ಆ ಕಲ್ಲು ಕೀಳು!"

"ಕಿತ್ರೆ ಮೇಲಿಂದು ಅಷ್ಟೂ ಅದರ ಮೇಲೇ ಬೀಳತ್ತೆ."

"ಹಂಗಂತ ಸಾಯ್ಲಾ ಅದು? ಸತ್ತೋರ ಮನೆ ಮೇಲಿರೋ ಪ್ರೀತಿ ಬದುಕಿರೋದ್ರ ಮೇಲಿಲ್ಲ!"

ಸುವೈದ್ ಕಲ್ಲಿಗೆ ಕೈಹಾಕುತ್ತಾನೆ. ಒಂದು ಹಿಡಿ ಪುಡಿ ಉದುರುತ್ತದೆ. ಅಷ್ಟರಲ್ಲಿ ಅವನ ಮೊಣಕೈಯಡಿಯಿಂದ ಕಪ್ಪು ಮೂತಿ, ಕೊರಳು, ಆಮೇಲೆ ಜೋತುಬಿದ್ದ ಖಾಲಿ ಹೊಟ್ಟೆ ತೆವಳಿಕೊಂಡು ಹೊರಬರುತ್ತವೆ. ಒಳಗಿನಿಂದ ಸಣ್ಣದೊಂದು ಮ್ಯಾ.

"ಈದು ಹಗುರಾಗಿದೆ ಕಣ್ರೀ!" ಜುವೈನಾ ಅಲ್ಲೇ ಕುಸಿದು ಕೂತು ನಗುತ್ತಾಳೆ, ತಲೆವಸ್ತ್ರದ ತುದಿಯಲ್ಲಿ ಕಣ್ಣೊರೆಸಿಕೊಳ್ಳುತ್ತಾಳೆ.

ಸುವೈದ್ ತೋಳು ಚಾಚಿ ಒದ್ದೆ ಮರಿಯನ್ನು ಈಚೆ ತೆಗೆಯುತ್ತಾನೆ. "ಇವನು ಮೊದಲೇ ಬಾಯಿಬಿಟ್ಟಿದ್ರೆ ಕಲ್ಲು ಕಿತ್ತೇಬಿಡ್ತಿದ್ದೆ, ಗೋಪುರಾನೂ ಬೀಳ್ತಿತ್ತು," ಎನ್ನುತ್ತಾನೆ.

"ಇನ್ನೊಂದು ಬಟ್ಟಲು ಕುಡಿದಿದ್ರೆ ಅವಳಿ ಹಾಕ್ತಿತ್ತೇನೋ," ಎನ್ನುತ್ತಾನೆ ಹುವೈಶಿಲ್.

ಜಗ್ಗಿದ ಕಲ್ಲಿನಡಿ ಸುವೈದ್ ಚಕ್ಕೆ ಕೊಟ್ಟು ಬಿಗಿ ಮಾಡುತ್ತಾನೆ. ಗೋಪುರ ನಿಂತಿದೆ. ಮರಿ ಹೆಣ್ಣು.