ಮೊಳೆ ಹೊಡೆಯದ ಗೋಡೆ

ನಮ್ಮ ಮನೆಯ ಮಹಡಿಯಲ್ಲಿ ಬಾಡಿಗೆಗಿರುವ ಹುಡುಗಿ ನನ್ನ ಹಳೆಯ ವಿದ್ಯಾರ್ಥಿನಿ. ಶಾಲೆಯಲ್ಲಿ ಅವಳನ್ನು ಎಲ್ಲರೂ ಅವಸರದಮ್ಮ ಎಂದೇ ಕರೆಯುತ್ತಿದ್ದರು. ಗಣಿತದ ಪರೀಕ್ಷೆಯಲ್ಲಿ ಎಲ್ಲರಿಗಿಂತ ಮೊದಲು ಎದ್ದು ಬಂದು, ಉತ್ತರಪತ್ರಿಕೆಯನ್ನು ನನ್ನ ಮೇಜಿನ ಮೇಲಿಟ್ಟು ಓಡುವಳು. ಲೆಕ್ಕಗಳೆಲ್ಲ ಸರಿ, ಹೆಸರು ಬರೆಯುವುದನ್ನೇ ಮರೆತಿರುತ್ತಿದ್ದಳು. ಕೇಳಿದರೆ, "ಹೆಸರಿಲ್ಲದ್ದು ಯಾವುದೋ ಅದೇ ನಂದು ಮೇಷ್ಟ್ರೇ" ಎನ್ನುವಳು.

ಈಗ ಅವಳು ಡಾಕ್ಟರೇಟ್ ಪಡೆದ ವಿಜ್ಞಾನಿ. ಪ್ರವಾಹ ಬಂದಾಗ ನೀರು ಸೇತುವೆಯ ಕಂಬದ ಬುಡದಲ್ಲಿ ಸುಳಿ ಸುತ್ತಿ ಮರಳನ್ನು ಹೇಗೆ ಕೊರೆಯುತ್ತದೆ ಎಂದು ಸೂಪರ್‌ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿ ನೋಡುವುದು ಅವಳ ವಿದ್ಯೆ. ನನಗೆ ಅರ್ಥವಾಗಲೆಂದು ಒಮ್ಮೆ ಚಹಾದ ಲೋಟದಲ್ಲಿ ಚಮಚವನ್ನು ಅಲುಗದಂತೆ ನಿಲ್ಲಿಸಿ, ಲೋಟವನ್ನು ಮೆಲ್ಲಗೆ ತಿರುಗಿಸಿ, ಚಮಚದ ಹಿಂದೆ ಏಳುವ ಪುಟ್ಟ ಸುಳಿಗಳನ್ನು ತೋರಿಸಿದಳು.

"ಇಷ್ಟೇ ಮೇಷ್ಟ್ರೇ. ಚಮಚದ ಬದಲು ಕಂಬ, ಲೋಟದ ಬದಲು ನದಿ."

ಇಷ್ಟೇ ಎಂದವಳು ಅದರ ಹಿಂದೆ ಬಿದ್ದು ವರ್ಷಗಳೇ ಕಳೆದಿದ್ದವು. ಡಾಕ್ಟರೇಟ್ ಆದ ಮೇಲೆ ಖಾಯಂ ಕೆಲಸ ಸಿಗುವವರೆಗೆ ಈ ವಿದ್ಯೆಯವರು ಪೋಸ್ಟ್‌ಡಾಕ್ ಎನಿಸಿಕೊಂಡು, ಅಲ್ಲಿಷ್ಟು ದಿನ ಇಲ್ಲಿಷ್ಟು ದಿನ ದುಡಿಯುತ್ತಾರೆ. ಗಡುವು ಮುಗಿದರೆ ಗಂಟುಮೂಟೆ ಕಟ್ಟಬೇಕು. ಅವಳ ಗಂಡ ಬಸ್ ಚಾಲಕ; ಹೆಂಡತಿಯ ಹಿಂದೆ ಹೋದ ಕಡೆಯಲ್ಲೆಲ್ಲ ಹೊಸ ಮಾರ್ಗಗಳನ್ನು ಕಲಿತವನು. ಜೊತೆಗೆ ಅವಳ ತಾಯಿ, ಬಟ್ಟೆ ಹೊಲಿಯುವವರು. ಹೊಲಿಗೆಯಂತ್ರದ ಮುಂದೆ ಕೂತರೆ ಕಾಲೂ ಬಾಯೂ ಒಂದೇ ವೇಗದಲ್ಲಿ ಓಡುತ್ತವೆ.

ಈ ಮನೆಗೆ ಬಂದಾಗ ಎಲ್ಲ ಸಾಮಾನೂ ತನ್ನ ತನ್ನ ಜಾಗ ಸೇರಿತು, ಒಂದನ್ನು ಬಿಟ್ಟು. ತಾಯಿಯ ತೀರಿಹೋದ ಯಜಮಾನರ ಫೋಟೋ ದುಪ್ಪಟಿಯಲ್ಲಿ ಸುತ್ತಿಕೊಂಡು ಬೀರುವಿನ ಮೇಲೆಯೇ ಉಳಿಯಿತು.

"ಮೊಳೆ ಹೊಡ್ಕೊಳ್ಳಿ ಅಮ್ಮ, ನನ್ನದೇನೂ ಅಭ್ಯಂತರ ಇಲ್ಲ" ಎಂದೆ.

"ಬೇಡಿ ಮೇಷ್ಟ್ರೇ. ಹೋದ ಮನೇಲೆಲ್ಲ ಹೊಡೆದಿದ್ದೂ ಆಯ್ತು, ಕಿತ್ತಿದ್ದೂ ಆಯ್ತು. ಪಾಪ, ಅವರಿಗೂ ಸಾಕಾಗಿರುತ್ತೆ. ಇವಳಿಗೊಂದು ನಿಲ್ಲೋ ಕೆಲಸ ಸಿಗ್ಲಿ, ಆಮೇಲೆ ಅವರನ್ನ ಗೋಡೆ ಹತ್ತಿಸೋಣ."

ಕಳೆದ ವರ್ಷ ಅವಳ ಸಂಶೋಧನಾಲಯದಲ್ಲಿಯೇ ಒಂದು ಖಾಯಂ ಹುದ್ದೆ ತೆರೆಯಿತು. ಅವಳ ಗಡುವೂ ಆಗಲೇ ಮುಗಿಯುವುದರಲ್ಲಿತ್ತು. ಸಿಕ್ಕರೆ ಇಲ್ಲೇ, ಸಿಗದಿದ್ದರೆ ಮತ್ತೆ ಲಾರಿ. ಸಂದರ್ಶನದಲ್ಲಿ ತೋರಿಸಲು ದೊಡ್ಡದೊಂದು ಪ್ರವಾಹದ ಲೆಕ್ಕ ಆಗಬೇಕಿತ್ತು.

ಆ ಸೂಪರ್‌ಕಂಪ್ಯೂಟರನ್ನು ನಾನೂ ನೋಡಿದ್ದೇನೆ. ಬಣ್ಣಬಣ್ಣದ ಪರದೆಗಳಿರುತ್ತವೆ ಎಂದುಕೊಂಡು ಇಸ್ತ್ರಿ ಮಾಡಿದ ಅಂಗಿ ತೊಟ್ಟು ಹೋಗಿದ್ದೆ. ಇದ್ದದ್ದು ಸಾಲು ಸಾಲು ಕಪ್ಪು ಬೀರುಗಳು. ಮುಂದೆ ನಿಂತರೆ ಚಳಿ, ಹಿಂದೆ ಹೋದರೆ ಬಿಸಿಗಾಳಿ. ಫ್ಯಾನುಗಳ ಸದ್ದಿನಲ್ಲಿ ಅವಳು ಹೇಳಿದ್ದೊಂದೂ ಕೇಳಲಿಲ್ಲ. ಹೊರಗೆ ಬಂದು ವಿವರಿಸಿದಳು. ಯಂತ್ರ ಒಂದು, ಕೇಳುವವರು ನೂರಾರು. ಎಷ್ಟು ಬೀರು ಬೇಕು, ಎಷ್ಟು ಹೊತ್ತು ಬೇಕು ಎಂದು ತಿಳಿಸಿ ಸರದಿಯಲ್ಲಿ ನಿಲ್ಲಬೇಕು. ಹೆಚ್ಚು ಕೇಳಿದವರು ಹೆಚ್ಚು ಕಾಯಬೇಕು.

ಈ ಬಾರಿ ಅವಳು ಕೇಳಿದ್ದು ಮುಕ್ಕಾಲು ಯಂತ್ರವನ್ನು. ಮನೆಯಲ್ಲಿ ಊಟದ ಹೊತ್ತಿಗೆ ಅದೇ ಮಾತು.

"ಸರದಿ ಎಲ್ಲಿಗೆ ಬಂತು?" ಎಂದು ಗಂಡ ಕೇಳುವನು.

"ಇನ್ನೂ ಇದೆ ರೀ."

"ನಮ್ಮ ಬಸ್ಸು ಇಷ್ಟು ತಡ ಮಾಡಿದ್ರೆ ಜನ ಗಾಜು ಪುಡಿ ಮಾಡ್ತಿದ್ರು."

ಕೊನೆಗೊಂದು ಮಧ್ಯಾಹ್ನ ಸರದಿ ಬಂತು. ಅವಳ ಖುಷಿಗೆ ಮಿತಿಯಿಲ್ಲ. ಕೋಣೆಯವರಿಗೆಲ್ಲ ಚಹಾ ತರಿಸಿದಳು. ಪಕ್ಕದ ಮೇಜಿನಲ್ಲಿ, ಅವಳಂತೆಯೇ ಗಡುವಿನ ಕೆಲಸದಲ್ಲಿರುವ ಹಿರಿಯನೊಬ್ಬನಿದ್ದಾನೆ. ಅವನನ್ನು ಅಣ್ಣ ಎನ್ನುತ್ತಾಳೆ. ಅಣ್ಣ ಲೋಟವನ್ನು ತುಟಿಗಿಡುವಷ್ಟರಲ್ಲಿ ಅವಳ ಪರದೆಯ ಮೇಲೆ ಸಂದೇಶ ಮೂಡಿತು: ಕೆಲಸ ಯಶಸ್ವಿಯಾಗಿ ಮುಗಿದಿದೆ.

"ಮುಗೀತಾ? ನನ್ನ ಚಹಾ ಇನ್ನೂ ಆರಿಲ್ಲ!" ಎಂದ ಅಣ್ಣ.

ಆದದ್ದಿಷ್ಟು. ದೊಡ್ಡ ಲೆಕ್ಕಕ್ಕೆ ಮೊದಲು ಎಲ್ಲ ಸರಿಯಿದೆಯೇ ಎಂದು ನೋಡಲು ಒಂದು ಪುಟ್ಟ ಪರೀಕ್ಷೆ ನಡೆಸುವುದು ಅವರ ಪದ್ಧತಿ. ಸ್ವಲ್ಪ ದೂರ ಹೋಗಿ ನಿಂತುಬಿಡು ಎಂದು ಅದಕ್ಕೊಂದು ಸಾಲು ಬರೆಯುತ್ತಾರೆ. ದೊಡ್ಡ ಲೆಕ್ಕವನ್ನು ಸರದಿಗೆ ಬಿಡುವಾಗ ಆ ಸಾಲನ್ನು ಅಳಿಸಬೇಕು. ಅವಸರದಮ್ಮ ಅಳಿಸಿರಲಿಲ್ಲ. ಯಂತ್ರ ಹೇಳಿದ ಮಾತು ಕೇಳಿ, ಪ್ರವಾಹ ಇನ್ನೂ ಕಂಬವನ್ನು ಮುಟ್ಟುವ ಮೊದಲೇ ನಿಂತುಬಿಟ್ಟಿತು. ಮತ್ತೆ ಸರದಿಯ ಬಾಲ ಹಿಡಿಯೋಣವೆಂದರೆ, ಸಂದರ್ಶನಕ್ಕೆ ಮುಂಚೆಯೇ ಯಂತ್ರವನ್ನು ದುರಸ್ತಿಗೆ ನಿಲ್ಲಿಸುವವರಿದ್ದರು; ಅಷ್ಟರೊಳಗೆ ಸರದಿ ಬರುವಂತಿರಲಿಲ್ಲ.

ಸಂಜೆ ಸಪ್ಪೆ ಮುಖ ಹೊತ್ತು ಬಂದವಳನ್ನು ತಾಯಿ ಕೂರಿಸಿಕೊಂಡು ಎಲ್ಲವನ್ನೂ ಕೇಳಿದರು.

"ಅಂದ್ರೆ, ಅಳತೆ ನೋಡೋಕೆ ಹಾಕಿದ ಕಚ್ಚಾ ಹೊಲಿಗೇನ ಬಿಚ್ಚದೇನೇ ಗಿರಾಕಿಗೆ ಕೊಟ್ಬಿಟ್ಟೆ?"

"ಹೂಂ ಅಮ್ಮ."

"ತೋಳೊಳಗೆ ಕೈಯೇ ಹೋಗ್ಲಿಲ್ಲ?"

"ಅಮ್ಮಾ, ಸಾಕು!" ಎಂದಳು, ಎಂದವಳೇ ನಕ್ಕಳು. ನಗು ಕೆಳಗೆ ನಮ್ಮ ಜಗುಲಿಯವರೆಗೂ ಕೇಳಿಸಿತು.

ಮರುದಿನ ಬೇರೇನೂ ತೋಚದೆ, ಯಾವ ಬೀರುವಿನಲ್ಲಿ ಯಾರ ಕೆಲಸ ನಡೆಯುತ್ತಿದೆ ಎಂಬ ಚಿತ್ರವನ್ನೇ ನೋಡುತ್ತಾ ಕೂತಳಂತೆ. ಯಾರದೋ ದೊಡ್ಡ ಕೆಲಸಕ್ಕೆ ಬೇಕಾದಷ್ಟು ಬೀರುಗಳು ಒಟ್ಟಿಗೆ ಬಿಡುವಾಗುವವರೆಗೆ, ಆಗಲೇ ಬಿಡುವಾದವು ಸುಮ್ಮನೆ ಕಾಯುತ್ತಿರುತ್ತವೆ. ಆ ಸಂದಿನಲ್ಲಿ ಮುಗಿಯುವಂಥ ಪುಟ್ಟ ಕೆಲಸವಿದ್ದರೆ ಯಂತ್ರ ಅದನ್ನು ಒಳಗೆ ಬಿಟ್ಟುಕೊಳ್ಳುತ್ತದೆ. ಇದು ಅವಳಿಗೆ ಗೊತ್ತಿಲ್ಲದ್ದಲ್ಲ. ಒಂದೇ ಓಟಕ್ಕೆ ಎಲ್ಲ ಮುಗಿಯಲಿ ಎಂಬ ಅವಸರದಲ್ಲಿ ಅದರ ಕಡೆ ನೋಡಿರಲಿಲ್ಲ. ತನ್ನ ಪ್ರವಾಹವನ್ನು ತುಂಡು ತುಂಡು ಮಾಡಿದಳು. ಒಂದು ತುಂಡು ಮುಗಿದಾಗ ನೀರು ಎಲ್ಲಿತ್ತು, ಮರಳು ಎಲ್ಲಿತ್ತು ಎಂಬುದನ್ನು ಉಳಿಸಿಕೊಂಡು, ಮುಂದಿನದು ಅಲ್ಲಿಂದಲೇ ಹೊರಡಬೇಕು. ಪ್ರತಿ ತುಂಡನ್ನೂ ಕಳಿಸುವ ಮುನ್ನ ಅಣ್ಣನನ್ನು ಕರೆದು ಸಾಲುಗಳನ್ನು ಓದಿಸುತ್ತಿದ್ದಳು.

"ಚಹಾ ಇಲ್ವಾ?" ಎಂದು ಅವನು ಕೇಳಿದರೆ, "ಪೂರ್ತಿ ಮುಗಿದ್ಮೇಲೆ ಅಣ್ಣ" ಎನ್ನುವಳು.

ದುರಸ್ತಿಗೆ ಯಂತ್ರ ನಿಲ್ಲುವ ಹೊತ್ತಿಗೆ ಪ್ರವಾಹ ಕಂಬವನ್ನು ಅಪ್ಪಳಿಸಿ, ಬುಡ ಕೊರೆದು, ಇಳಿಯತೊಡಗಿತ್ತು. ಪೂರ್ತಿ ಇಳಿದಿರಲಿಲ್ಲ. ಅಷ್ಟನ್ನೇ ತೆಗೆದುಕೊಂಡು ಸಂದರ್ಶನಕ್ಕೆ ಹೋದಳು.

ಅಲ್ಲಿ ಆಯ್ಕೆ ಸಮಿತಿಯ ಅಧ್ಯಕ್ಷೆ, ಪ್ರವಾಹದ ಏರಿಳಿತ ತೋರಿಸುವ ಅವಳ ಗೆರೆಚಿತ್ರವನ್ನು ಕನ್ನಡಕ ಸರಿಮಾಡಿಕೊಂಡು ನೋಡಿ ಕೇಳಿದರಂತೆ: "ಈ ಗೆರೆ ಮೇಲೆ ಇಷ್ಟೊಂದು ಚುಕ್ಕಿ ಯಾಕಮ್ಮ?"

"ಅಲ್ಲಲ್ಲಿ ನಿಲ್ಲಿಸಿ ಮುಂದುವರಿಸಿದ ಜಾಗ ಮೇಡಂ."

"ಯಾಕೆ ನಿಲ್ಲಿಸಿದ್ರಿ?"

ಏನಾದರೊಂದು ಗಂಭೀರವಾದ ಕಾರಣ ಹೇಳಬಹುದಿತ್ತು. ಅವಳು ಚಹಾದಿಂದ ಹಿಡಿದು ಎಲ್ಲವನ್ನೂ ಹೇಳಿಬಿಟ್ಟಳು. ಮೂಲೆಯಲ್ಲಿದ್ದ ಹಿರಿಯ ವಿಜ್ಞಾನಿಯೊಬ್ಬರು ನಕ್ಕು ನಕ್ಕು ಕಣ್ಣೊರೆಸಿಕೊಂಡರಂತೆ.

"ನೀವು ಚಹಾಕ್ಕೆ ಬಚಾವಾದ್ರಿ. ಇದೇ ತಪ್ಪಿಗೆ ನಾನು ಇಡೀ ವಿಭಾಗಕ್ಕೆ ಊಟ ಹಾಕ್ಸಿದ್ದೆ!"

ಅಧ್ಯಕ್ಷೆ ಮಾತ್ರ ಇನ್ನೂ ಚುಕ್ಕಿಗಳನ್ನೇ ನೋಡುತ್ತಿದ್ದರು. "ನಮ್ಮ ಯಂತ್ರದಲ್ಲಿ ಇಷ್ಟೊಂದು ಸಂದು ಖಾಲಿ ಬಿದ್ದಿರುತ್ತಾ?" ಎಂದರು. ಆಮೇಲಿನ ಪ್ರಶ್ನೆಗಳೆಲ್ಲ ಅದರ ಬಗ್ಗೆಯೇ.

ಹುದ್ದೆ ಅವಳಿಗೇ ಸಿಕ್ಕಿತು, ಒಂದು ಹೆಚ್ಚಿನ ಹೊಣೆಯೊಂದಿಗೆ. ಸೇತುವೆಯ ಕೆಲಸದ ಜೊತೆಗೆ, ಸಂದುಗಳಲ್ಲಿ ನುಸುಳುವ ಈ ವಿದ್ಯೆಯನ್ನು ಅವಳು ಹೊಸಬರಿಗೆ ಕಲಿಸಬೇಕು. ಮೊದಲ ಪಾಠದಲ್ಲಿಯೇ ಅವಳು ಹೇಳುವುದು, ಚಹಾ ಕೊನೆಗೆ ಎಂದು.

ಸುದ್ದಿ ಬಂದ ಸಂಜೆ ಸುತ್ತಿಗೆ ಕೇಳಿಕೊಂಡು ಕೆಳಗಿಳಿದು ಬಂದಳು. ನಾನೂ ಹಿಂದೆಯೇ ಮೆಟ್ಟಿಲು ಹತ್ತಿದೆ. ತಾಯಿ ದುಪ್ಪಟಿ ಬಿಚ್ಚಿ ಫೋಟೋ ಒರೆಸುತ್ತಾ, "ಸ್ವಲ್ಪ ಎಡಕ್ಕೆ..." ಎನ್ನುವಷ್ಟರಲ್ಲಿ ಮೊಳೆ ಗೋಡೆಯೊಳಗಿತ್ತು. ಫೋಟೋ ಹಾಕಿ ಕಿಟಕಿ ತೆರೆದರೆ, ಅದರ ಬಾಗಿಲು ನೇರವಾಗಿ ಫೋಟೋದ ಚೌಕಟ್ಟಿಗೆ ಬಡಿಯಿತು.

"ಹೊಡೆಯೋಕೆ ಮುಂಚೆ ಕಿಟಕಿ ತೆಗೆದು ನೋಡ್ಬಾರ್ದೇನೇ?"

"ಹೋಗ್ಲಿ ಬಿಡಿ ಅತ್ತೆ, ಮಾವನೋರಿಗೆ ಗಾಳಿ ಬರುತ್ತೆ" ಎಂದ ಅಳಿಯ.

ಈ ಸಲ ಪೆನ್ಸಿಲಿನಿಂದ ಗುರುತು ಹಾಕಿ, ಕಿಟಕಿಯನ್ನು ತೆರೆದು, ಮುಚ್ಚಿ, ಇನ್ನೊಂದು ಮೊಳೆ ಹೊಡೆದಳು. ಫೋಟೋ ನೆಟ್ಟಗೆ ನಿಂತಿತು. ಮೊದಲನೆಯದನ್ನು ಕೀಳಲು ಹೋದವಳ ಕೈಯನ್ನು ತಾಯಿ ಹಿಡಿದುಕೊಂಡರು.

"ಇರ್ಲಿ ಬಿಡೇ. ಈ ಮನೇಲಿ ಯಾವ ಮೊಳೇನೂ ಕೀಳೋದು ಬೇಡ."

ಅದರ ಮೇಲೀಗ ಅಳಿಯನ ಬಸ್ಸಿನ ಟೋಪಿ ತೂಗುತ್ತದೆ.